ಅಡಿಗೆಮನೆಯ ಮಾತು: ಚೂರು ತಿಂದರೆ ಏನಾಗುತ್ತೆ?



ಎರಡು ವರ್ಷದ ಹಿಂದಿನ ಮಾತು. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಕಥೆ ಮುಗಿಯಿತು, ಮಂಗಳಾರತಿ ಆಯಿತು, ಮನೆಯ ಅಜ್ಜಿ ಎಲ್ಲರ ಕೈಗೂ ಸಪಾದ ಭಕ್ಷ್ಯ ಹಾಕುತ್ತ ಬಂದರು. ತುಪ್ಪ, ಬಾಳೆಹಣ್ಣು, ಏಲಕ್ಕಿಯ ಘಮ ಹಜಾರದ ತುಂಬ. ನನ್ನ ಮಗಳು ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಮೆಲ್ಲಗೆ ನನ್ನ ಕೈಗೆ ದಾಟಿಸಿದಳು. ಅಜ್ಜಿ ಅದನ್ನು ನೋಡಿಯೇಬಿಟ್ಟರು.

"ಯಾಕೆ ಪುಟ್ಟಿ, ಪ್ರಸಾದ ಬೇಡ ಅನ್ನಬಾರದು ಕಣೆ."

"ಗೋಧಿ ರವೆ ತಿನ್ನಬಾರದು ಅಂತ ಡಾಕ್ಟರು ಹೇಳಿದಾರೆ, ಅಜ್ಜಿ."

"ಅಯ್ಯೋ, ದೇವರ ಪ್ರಸಾದಕ್ಕೂ ಪಥ್ಯವೇ? ಚೂರು ತಿಂದ್ರೆ ಏನಾಗುತ್ತೆ?"

ಎಲ್ಲರೂ ನಮ್ಮ ಕಡೆ ತಿರುಗಿದರು. ಮಗಳ ಕಣ್ಣಲ್ಲಿ ನೀರು. ಮನೆಗೆ ಬಂದವಳೇ, "ಅಮ್ಮಾ, ಇನ್ನು ನಾನು ಯಾರ ಮನೆಗೂ ಬರೋಲ್ಲ" ಎಂದಳು. ಆ ಮಾತು ನನಗೆ ಕಾಯಿಲೆಯ ಸುದ್ದಿಗಿಂತ ಹೆಚ್ಚು ನೋವು ಕೊಟ್ಟಿತು. ಈ ಸಲ ಆ ಒಂದು ಚೂರಿನ ವಿಚಾರವನ್ನೇ ನಿಮ್ಮೊಡನೆ ಮಾತಾಡಬೇಕು ಅನ್ನಿಸಿದೆ.

ಮಗಳಿಗೆ ಆಗ ಹದಿನಾಲ್ಕು. ಜೊತೆಯ ಹುಡುಗಿಯರು ಎತ್ತರವಾದರು, ದೊಡ್ಡವರಾದರು. ಇವಳು ಮಾತ್ರ ಐದನೇ ಕ್ಲಾಸಿನ ಮಗುವಿನ ಹಾಗೆ. ಪದೇ ಪದೇ ಬಾಯಿಹುಣ್ಣು, ಹೊಟ್ಟೆ ಉಬ್ಬರ, ಮಹಡಿ ಹತ್ತಿದರೆ ಏದುಸಿರು. ರಕ್ತ ಕಡಿಮೆ ಎಂದು ಕಬ್ಬಿಣದ ಟಾನಿಕ್ ಕೊಟ್ಟರು. ಮುಗಿದ ಮೇಲೆ ಮತ್ತೆ ಅದನ್ನೇ ಕೊಟ್ಟರು. ಜಂತುಹುಳದ ಮಾತ್ರೆಯೂ ಆಯಿತು. "ಮಗುವಿಗೆ ಸರಿಯಾಗಿ ಊಟ ಹಾಕಿ" ಎಂದು ನನಗೂ ಬುದ್ಧಿ ಹೇಳಿದರು. ನಾನೋ, ಪುಷ್ಟಿ ಬರಲಿ ಎಂದು ಬೆಳಿಗ್ಗೆ ಬ್ರೆಡ್ಡು ತುಪ್ಪ, ಡಬ್ಬಿಗೆ ಚಪಾತಿ, ಸಂಜೆ ಬಿಸ್ಕತ್ತು, ರಾತ್ರಿ ಮಾಲ್ಟ್ ಹಾಕಿದ ಹಾಲು. ಯಾವುದು ಅವಳನ್ನು ಒಳಗಿನಿಂದ ಕೆಡಿಸುತ್ತಿತ್ತೋ ಅದನ್ನೇ ಕೈಯಾರೆ ಬಡಿಸುತ್ತಿದ್ದೆ.

ಕೊನೆಗೆ ಒಬ್ಬ ಡಾಕ್ಟರು, "ಇಷ್ಟು ಕಬ್ಬಿಣ ಕೊಟ್ಟರೂ ರಕ್ತ ಏರುತ್ತಿಲ್ಲ ಅಂದ್ರೆ, ಕರುಳು ಅದನ್ನ ಹೀರಿಕೊಳ್ತಿದೆಯೋ ಇಲ್ಲವೋ ನೋಡೋಣ" ಎಂದರು. ಟಿಟಿಜಿ ಎಂಬ ರಕ್ತಪರೀಕ್ಷೆ ಮಾಡಿಸಿದರು. ಆಮೇಲೆ ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಚಿಕ್ಕ ತುಣುಕು ತೆಗೆದು ನೋಡಿದರು. ಕಾಯಿಲೆಯ ಹೆಸರು ಸೀಲಿಯಾಕ್.

ಇದೇನು ಎಂದು ತಿಳಿಯಲು ಅಡಿಗೆಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಒಂದು ಹಿಡಿ ಮೈದಾ ಕಲಸಿ, ಅರ್ಧ ಗಂಟೆ ಬಿಟ್ಟು, ನೀರಿನಲ್ಲಿ ಹಿಸುಕುತ್ತ ತೊಳೆಯಿರಿ. ಬಿಳಿಯ ಗಂಜಿ ಎಲ್ಲ ಹೋಗಿ ಕೈಯಲ್ಲಿ ರಬ್ಬರಿನಂಥ ಜಿಗುಟು ಉಳಿಯುತ್ತೆ. ಅದರ ಬಹುಪಾಲು ಗ್ಲುಟನ್ ಎಂಬ ಸಸಾರಜನಕ. ಹೋಳಿಗೆಯ ಕಣಕ ಹರಿಯದೆ ಹಿಗ್ಗುವುದು ಅದರಿಂದಲೇ. ನಮಗೆ ನಿಮಗೆ ಅದು ಏನೂ ಮಾಡದು. ಆದರೆ ಸೀಲಿಯಾಕ್ ಇರುವವರು ಅದನ್ನು ತಿಂದರೆ ದೇಹ ತನ್ನ ಕರುಳಿನ ಮೇಲೆ ತಾನೇ ತಿರುಗಿಬೀಳುತ್ತದೆ. ಸಣ್ಣ ಕರುಳಿನ ಒಳಗೋಡೆಯಲ್ಲಿ ಮಖಮಲ್ಲಿನ ಹಾಗೆ ಇರುವ ನವಿರಾದ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಅನ್ನದ ಸಾರವನ್ನು ಹೀರುವುದು ಆ ಎಳೆಗಳೇ. ಅವು ಹೋದ ಮೇಲೆ ಎಷ್ಟು ತಿಂದರೂ ಮೈಗೆ ಹತ್ತದು. ಇದು ಅಂಟುರೋಗವಲ್ಲ. ಗುಣಮಾಡುವ ಮಾತ್ರೆಯೂ ಇಲ್ಲ. ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳನ್ನು ಜೀವನ ಪೂರ್ತಿ ಬಿಡುವುದೇ ಔಷಧ.

ಗೋಧಿಯೇ ಕಾರಣ ಎಂದು ಜಗತ್ತಿಗೆ ಗೊತ್ತಾದ ಕಥೆ ಕೇಳಿ. ಹಾಲೆಂಡಿನ ಮಕ್ಕಳ ಡಾಕ್ಟರು ವಿಲೆಮ್ ಡಿಕ್ಕೆ ಎಂಬವರಿಗೆ ಮೊದಲಿನಿಂದಲೂ ಈ ಗುಮಾನಿ ಇತ್ತು. ಎರಡನೇ ಮಹಾಯುದ್ಧದ ಕೊನೆಗೆ, 1944-45ರ ಚಳಿಗಾಲದಲ್ಲಿ, ಅಲ್ಲಿ ಬ್ರೆಡ್ಡೇ ಸಿಗದಂಥ ಕ್ಷಾಮ ಬಂತು. ಊರೆಲ್ಲ ಸೊರಗಿದರೂ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡವು. ಬ್ರೆಡ್ಡು ಮತ್ತೆ ಬಂದಾಗ ಮತ್ತೆ ಮಲಗಿದವು. ವಿಚಿತ್ರ ನೋಡಿ, ಅದೇ ಯುದ್ಧದ ದಿನಗಳಲ್ಲಿ ಅಕ್ಕಿಯ ಅಭಾವ ಬಂದಾಗ ನಮ್ಮ ಬೆಂಗಳೂರಿನಲ್ಲಿ ರವೆ ಇಡ್ಲಿ ಹುಟ್ಟಿತು ಎಂದು ಎಂಟಿಆರ್ ಹೋಟೆಲಿನವರು ಹೇಳುತ್ತಾರೆ. ಅಲ್ಲಿ ಗೋಧಿ ಹೋಗಿ ಮಕ್ಕಳು ಬದುಕಿದವು, ಇಲ್ಲಿ ಅಕ್ಕಿ ಹೋಗಿ ಗೋಧಿ ಇಡ್ಲಿಪಾತ್ರೆಯೊಳಗೆ ಬಂತು!

"ಇದು ಉತ್ತರದವರ ಕಾಯಿಲೆ, ನಮ್ಮ ಕಡೆ ಎಲ್ಲಿ?" ಎಂದು ಬಹಳ ಜನ ಕೇಳಿದ್ದಾರೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದೇಶದ 23 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷೆ ಮಾಡಿದ್ದರು. ಉತ್ತರದಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಲ್ಲಿ ಕಾಯಿಲೆ ಕಂಡಿತು. ಆದರೆ ಕಾಯಿಲೆಗೆ ಎಡೆಕೊಡುವ ಹುಟ್ಟುಗುಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಬೇರೆಯಾಗಿದ್ದದ್ದು ತಟ್ಟೆ. ಅಲ್ಲಿ ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ, ಇಲ್ಲಿ 25 ಗ್ರಾಂ.

ಆ ತಟ್ಟೆ ಬದಲಾಗುವುದನ್ನು ನಾನೇ ಕಂಡಿದ್ದೇನೆ. ನಾನು ಮದುವೆಯಾಗಿ ಬೊಮ್ಮನಹಳ್ಳಿಗೆ ಬಂದಾಗ ಅದಿನ್ನೂ ಬೇರೆ ನಗರಸಭೆ. ಬೆಂಗಳೂರಿನ ಪಾಲಿಕೆಗೆ ಸೇರಿದ್ದು 2007ರಲ್ಲಿ. ಅತ್ತೆಯವರ ಅಡಿಗೆಯಲ್ಲಿ ಒಂದು ಹೊತ್ತು ಮುದ್ದೆ, ಒಂದು ಹೊತ್ತು ಅನ್ನ. ಹಬ್ಬಕ್ಕೆ ಮಾತ್ರ ಮೈದಾ. ಈಗ ಹೊಸೂರು ರಸ್ತೆಯ ಗಾರ್ಮೆಂಟ್ಸ್‌ಗೂ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಿಗೂ ದೇಶದ ಮೂಲೆಮೂಲೆಯ ಜನ ಬಂದಿದ್ದಾರೆ. ಬೀದಿಗೊಂದು ಬೇಕರಿ, ಮೂಲೆಗೊಂದು ಗೋಬಿ ಮಂಚೂರಿ ಗಾಡಿ, ಮನೆಮನೆಯಲ್ಲೂ ರಾತ್ರಿ ಚಪಾತಿ. ನಿಮ್ಮ ಊರಿನಲ್ಲೂ ಹೀಗೇ ಆಗಿರಬೇಕು. ಅದಕ್ಕೇ ಹೇಳುತ್ತೇನೆ, ಟಾನಿಕ್ಕಿಗೆ ಬಗ್ಗದ ರಕ್ತಹೀನತೆ, ಬೆಳೆಯದ ಮಗು, ನಿಲ್ಲದ ಭೇದಿ, ತಡವಾಗಿ ಮುಟ್ಟಾಗುವುದು ಇವು ಕಂಡರೆ, "ಸೀಲಿಯಾಕ್ ಇರಬಹುದೇ?" ಎಂದು ಡಾಕ್ಟರನ್ನು ಧೈರ್ಯವಾಗಿ ಕೇಳಿ. ಒಂದು ಎಚ್ಚರಿಕೆ: ಪರೀಕ್ಷೆಗೆ ಮುಂಚೆ ಗೋಧಿ ಬಿಡಬೇಡಿ. ಬಿಟ್ಟರೆ ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಸಿಕ್ಕದೆ ಹೋಗಬಹುದು. ಮನೆಯಲ್ಲಿ ಒಬ್ಬರಿಗೆ ಇದ್ದರೆ ತಂದೆತಾಯಿ, ಒಡಹುಟ್ಟಿದವರಿಗೂ ಪರೀಕ್ಷೆ ಮಾಡಿಸಬೇಕು.

ಇನ್ನು ಅಡಿಗೆಗೆ ಬರೋಣ. ಮೊದಲ ವಾರ ನಾನು ಅತ್ತುಬಿಟ್ಟೆ. ಮಗುವಿಗೆ ಏನು ಹಾಕಲಿ? ಆಮೇಲೆ ಒಂದು ಕಾಗದ ಹಿಡಿದು ಕುಳಿತೆ. ಅಕ್ಕಿ, ರಾಗಿ, ಜೋಳ, ಸಜ್ಜೆ, ನವಣೆ, ಸಾಮೆ, ಬರಗು, ಎಲ್ಲ ಬೇಳೆಕಾಳು, ಅವಲಕ್ಕಿ, ಮಂಡಕ್ಕಿ, ಸಬ್ಬಕ್ಕಿ, ತರಕಾರಿ, ಹಣ್ಣು, ಹಾಲು ಮೊಸರು, ಕಡಲೆಕಾಯಿ, ಎಳ್ಳು, ಬೆಲ್ಲ, ತಿನ್ನುವವರಿಗೆ ಮೊಟ್ಟೆ, ಮೀನು, ಮಾಂಸ. ಇವೆಲ್ಲವೂ ಸಲ್ಲುತ್ತವೆ. ಅಂದರೆ ಇಡ್ಲಿ, ಅಕ್ಕಿರೊಟ್ಟಿ, ಮುದ್ದೆ, ಜೋಳದ ರೊಟ್ಟಿ, ಒತ್ತು ಶಾವಿಗೆ, ಪೊಂಗಲ್, ಕೋಸಂಬರಿ ಯಾವುದೂ ತಪ್ಪಲಿಲ್ಲ. ನಮ್ಮ ಅಜ್ಜಿಯರ ಅಡಿಗೆಯಲ್ಲಿ ಮುಕ್ಕಾಲು ಪಾಲು ಇವಳಿಗೆ ಒಗ್ಗುವಂಥದೇ! ಬರೀ ಅನ್ನದ ಮೇಲೆ ಮಾತ್ರ ನಿಲ್ಲಬೇಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ; ಬಿಳಿ ಅಕ್ಕಿಯಲ್ಲಿ ಹತ್ತರ ಆಸುಪಾಸು. ಬೆಳೆಯುವ ಮಗುವಿನ ಮೂಳೆಗೆ ಯಾವುದು ಬೇಕು ನೀವೇ ಹೇಳಿ.

ಹಾಗಾದರೆ ಕಷ್ಟ ಎಲ್ಲಿದೆ? ಕಾಣದೆ ಒಳಗೆ ಬರುವ ಆ ಚೂರಿನಲ್ಲಿ. ಚಪಾತಿ, ಉಪ್ಪಿಟ್ಟು, ಕೇಸರಿಬಾತು ಬೇಡವೆಂದು ಯಾರಿಗೂ ಗೊತ್ತಾಗುತ್ತೆ. ಗೊತ್ತಾಗದವು ಇವು:

ಇಂಗು: ಡಬ್ಬಿಯ ಇಂಗಿನಲ್ಲಿ ಸಾಮಾನ್ಯವಾಗಿ ಮೈದಾ ಇಲ್ಲವೇ ಗೋಧಿಹಿಟ್ಟು ಬೆರೆಸಿರುತ್ತಾರೆ. ಆ ಇಂಗು ಹಾಕಿದ ಸಾರಿನ ಪುಡಿ, ಉಪ್ಪಿನಕಾಯಿ, ಹಪ್ಪಳಕ್ಕೂ ಇದೇ ಮಾತು. ಅಕ್ಕಿಹಿಟ್ಟು ಬೆರೆಸಿದ ಇಂಗೂ ಸಿಗುತ್ತೆ, ಡಬ್ಬಿಯ ಮೇಲೆ ಓದಿ ಕೊಳ್ಳಿ.

ಕುರುಕಲು ತಿಂಡಿ: ನಿಪ್ಪಟ್ಟು, ಕೋಡುಬಳೆಗೆ ಗರಿಗರಿಯಾಗಲೆಂದು ಮೈದಾ ಅಥವಾ ರವೆ ಸೇರಿಸುವ ರೂಢಿ. ಮದ್ದೂರು ವಡೆಯಂತೂ ರವೆ ಮೈದಾ ಇಲ್ಲದೆ ಇಲ್ಲ.

ಮಾಲ್ಟ್: ಮೊಳಕೆ ಕಟ್ಟಿ ಮನೆಯಲ್ಲಿ ಮಾಡಿದ ರಾಗಿ ಮಾಲ್ಟ್ ಒಳ್ಳೆಯದು. ಅಂಗಡಿಯ ಡಬ್ಬಿಯಲ್ಲಿ ಬಾರ್ಲಿ, ಗೋಧಿ ಇರಬಹುದು. ಬಾರ್ಲಿ ನೀರೂ ಬೇಡ.

ಸೋಯಾ ಸಾಸ್: ಇದನ್ನು ಸಾಮಾನ್ಯವಾಗಿ ಸೋಯಾ ಜೊತೆ ಗೋಧಿಯನ್ನೂ ಹಾಕಿ ಮಾಡುತ್ತಾರೆ.

ಓಟ್ಸ್: ಗೋಧಿಯ ಜೊತೆ ಬೆರೆತಿರುವುದೇ ಹೆಚ್ಚು. ಡಾಕ್ಟರನ್ನು ಕೇಳದೆ ಕೊಡಬೇಡಿ.

ಹಿಟ್ಟಿನ ಗಿರಣಿ: ನಮ್ಮ ರಾಗಿಗೆ ಮುಂಚೆ ಬೀಸಿದ ಗೋಧಿ ಕಲ್ಲಿನಲ್ಲಿ ಉಳಿದಿರುತ್ತೆ. ನಾನು ರಾಗಿಯನ್ನು ಆರಿಸಿ, ತೊಳೆದು, ಒಣಗಿಸಿ, ರಾಗಿಗೆಂದೇ ಬೇರೆ ಯಂತ್ರ ಇಟ್ಟ ಗಿರಣಿಗೆ ಕೊಡುತ್ತೇನೆ. ಅದಿಲ್ಲದಿದ್ದರೆ ಮನೆಯ ಮಿಕ್ಸಿಯೇ ಲೇಸು.

ಹಂಚು, ಜರಡಿ, ಮಣೆ, ಲಟ್ಟಣಿಗೆ: ಇವು ಅವಳಿಗೆ ಬೇರೆಯೇ ಇವೆ. ಪೂರಿ ಕರಿದ ಎಣ್ಣೆಯಲ್ಲಿ ಅವಳ ಹಪ್ಪಳ ಕರಿಯುವುದಿಲ್ಲ. ಅವಳ ಅಡಿಗೆ ಮೊದಲು, ನಮ್ಮ ಚಪಾತಿ ಆಮೇಲೆ. ಹೋಟೆಲಿನಲ್ಲಿ ರವೆ ದೋಸೆ ಹುಯ್ದ ಕಾವಲಿಯ ಮೇಲೇ ಮಸಾಲೆ ದೋಸೆಯೂ ಬೇಯುತ್ತೆ, ಜ್ಞಾಪಕವಿರಲಿ.

ಪೊಟ್ಟಣದ ಮೇಲೆ 'ಗ್ಲುಟನ್ ಮುಕ್ತ' ಎಂದು ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟನ್ ಇರಕೂಡದೆಂದು ನಮ್ಮ ದೇಶದ ನಿಯಮವಿದೆ. ಇಷ್ಟು ಸಣ್ಣ ಲೆಕ್ಕ ಯಾಕೆಂದರೆ, ಚಪಾತಿಯ ಒಂದು ಚೂರೂ ಕರುಳಿಗೆ ಪೆಟ್ಟೇ. ಹೊಟ್ಟೆ ನೋಯಲಿಲ್ಲ ಎಂದ ಮಾತ್ರಕ್ಕೆ ಏನೂ ಆಗಲಿಲ್ಲ ಎಂದಲ್ಲ. ಹಾಗೆಂದು ಆ ಹೆಸರಿನ ಬಿಸ್ಕತ್ತು, ಕೇಕುಗಳನ್ನು ಮನೆ ತುಂಬ ತರಬೇಡಿ. ಬೆಲೆಯೂ ಜಾಸ್ತಿ, ಸಕ್ಕರೆ ಜಿಡ್ಡೂ ಜಾಸ್ತಿ ಇರುವುದುಂಟು. ಕಾಯಿಲೆ ಇಲ್ಲದವರು, ಯಾರೋ ಬಿಟ್ಟರು ಎಂದು ತಾವೂ ಗೋಧಿ ಬಿಡಬೇಕಾಗಿಲ್ಲ.

ಪಥ್ಯ ಶುರುವಾಗಿ ಒಂದು ವರ್ಷದೊಳಗೆ ಮಗಳ ಮೈಯಲ್ಲಿ ರಕ್ತ ತುಂಬಿತು, ಆರು ಕಿಲೋ ತೂಕ ಬಂತು, ಹಳೆಯ ಲಂಗಗಳು ಗಿಡ್ಡವಾದವು. ಆದರೆ ಯಾರ ಮನೆಗೂ ಬರುವುದಿಲ್ಲ ಎಂಬ ಹಟ ಮಾತ್ರ ಬಿಟ್ಟಿರಲಿಲ್ಲ. ನಾನೇ ಒಂದು ದಿನ ಆ ಅಜ್ಜಿಯ ಹತ್ತಿರ ಹೋಗಿ, ಇಲ್ಲಿ ಬರೆದದ್ದನ್ನೆಲ್ಲ ಕೂತು ಹೇಳಿದೆ. ಅವರು ಮಾತಾಡದೆ ಕೇಳಿದರು. "ನನಗೇನು ಗೊತ್ತಿತ್ತಮ್ಮ, ಹಟ ಅಂದ್ಕೊಂಡೆ" ಎಂದರು.

ಕಳೆದ ಸಲ ಪೂಜೆಗೆ ಕರೆಯಲು ಅವರೇ ಬಂದರು, ಅದೂ ಮಗಳನ್ನು. ಅವರು ಪುರೋಹಿತರನ್ನು ಕೇಳಿದ್ದರಂತೆ. ಸತ್ಯನಾರಾಯಣ ಕಥೆಯ ಮೊದಲ ಅಧ್ಯಾಯದಲ್ಲೇ, ನೈವೇದ್ಯಕ್ಕೆ ಗೋಧಿಯ ಹಿಟ್ಟು, ಅದಿಲ್ಲದಿದ್ದರೆ ಅಕ್ಕಿಯ ಹಿಟ್ಟು ಎಂದು ಹೇಳಿದೆ! ಇಷ್ಟು ವರ್ಷ ಕಥೆ ಕೇಳಿದ ನನಗೇ ಅದು ಕಿವಿಗೆ ಬಿದ್ದಿರಲಿಲ್ಲ. ಅಜ್ಜಿ ಹೊಸ ಸೌಟು ತೆಗೆದು, ಉಜ್ಜಿದ ಬಾಣಲೆಯಲ್ಲಿ ಅಕ್ಕಿ ತರಿಯದೇ ಸಪಾದ ಭಕ್ಷ್ಯ ಮಾಡಿದ್ದರು. ಮೊದಲ ಹಿಡಿ ನನ್ನ ಮಗಳ ಕೈಗೇ ಹಾಕಿ, "ಈಗ ಪೂರ್ತಿ ತಿನ್ನು" ಎಂದರು. ಅವಳು ಕೈ ನೆಕ್ಕಿಕೊಂಡು ಎರಡನೇ ಸಲವೂ ಕೈಯೊಡ್ಡಿದಳು.

ಅದನ್ನು ಮಾಡುವ ಕ್ರಮ ನಿಮಗೂ ಇರಲಿ.

ಅಕ್ಕಿ ತರಿಯ ಸಪಾದ ಭಕ್ಷ್ಯ

ಬೇಕಾಗುವ ಸಾಮಾನು: ಅಕ್ಕಿ ತರಿ, ಹಾಲು, ಸಕ್ಕರೆ, ತುಪ್ಪ ತಲಾ ಒಂದೂಕಾಲು ಲೋಟ (ದಿನದ ತಿಂಡಿಗಾದರೆ ತುಪ್ಪ ಅರ್ಧ ಸಾಕು), ಬಿಸಿನೀರು ಎರಡೂವರೆ ಲೋಟ, ಕಳಿತ ಬಾಳೆಹಣ್ಣು ಎರಡು, ಏಲಕ್ಕಿ ನಾಲ್ಕು, ದ್ರಾಕ್ಷಿ, ಗೋಡಂಬಿ.

ಮಾಡುವ ವಿಧಾನ: ಅಕ್ಕಿ ತೊಳೆದು ನೆರಳಲ್ಲಿ ಆರಿಸಿ, ಮಿಕ್ಸಿಯಲ್ಲಿ ತರಿತರಿಯಾಗಿ ಪುಡಿಮಾಡಿ, ನುಣ್ಣನೆಯ ಹಿಟ್ಟನ್ನು ಜರಡಿ ಹಿಡಿದು ತೆಗೆಯಿರಿ. ಸ್ವಲ್ಪ ತುಪ್ಪದಲ್ಲಿ ದ್ರಾಕ್ಷಿ, ಗೋಡಂಬಿ ಹುರಿದು ತೆಗೆದಿಡಿ. ಅದೇ ತುಪ್ಪದಲ್ಲಿ ತರಿಯನ್ನು ಘಮ ಬರುವ ತನಕ ಸಣ್ಣ ಉರಿಯಲ್ಲಿ ಹುರಿಯಿರಿ. ಬಿಸಿನೀರು, ಬಿಸಿಹಾಲು ಹಾಕಿ ಗಂಟಾಗದಂತೆ ತಿರುವಿ, ಮುಚ್ಚಿ ಹತ್ತು ನಿಮಿಷ ಬೇಯಿಸಿ. ತರಿ ಬೆರಳಿಗೆ ಮೆತ್ತಗಾದ ಮೇಲೆಯೇ ಸಕ್ಕರೆ ಹಾಕಬೇಕು. ಮೊದಲೇ ಹಾಕಿದರೆ ಅಕ್ಕಿ ಬೇಯದು. ಹೆಚ್ಚಿದ ಬಾಳೆಹಣ್ಣು, ಉಳಿದ ತುಪ್ಪ ಸೇರಿಸಿ, ಬಾಣಲೆ ಬಿಡುವವರೆಗೆ ಕೈಯಾಡಿಸಿ ಇಳಿಸಿ. ಏಲಕ್ಕಿ ಪುಡಿ, ದ್ರಾಕ್ಷಿ, ಗೋಡಂಬಿ ಹಾಕಿ.

ನಿಮ್ಮ ಮನೆಗೆ ಬಂದ ಮಗು "ನನಗೆ ಇದು ಒಗ್ಗಲ್ಲ" ಎಂದರೆ, "ಚೂರು ತಿನ್ನು" ಎನ್ನಬೇಡಿ ಅಕ್ಕಂದಿರೇ. "ನಿನಗೆ ಏನು ಒಗ್ಗುತ್ತೆ, ಮಗು?" ಎಂದು ಕೇಳಿ. ಒಂದು ಬಾಳೆಹಣ್ಣು ಕೊಟ್ಟರೂ ಸಾಕು, ಆ ತಾಯಿಯ ಮನಸ್ಸು ತಣ್ಣಗಾಗುತ್ತೆ.