ಯೆಜ್ಡಿ ಇರೋದು ಒರೆಸೋಕಾ, ಓಡಿಸೋಕಾ?

ಜುಲೈ ಎರಡನೇ ಭಾನುವಾರ ಬಂತಂದ್ರೆ ಜಾವಾ-ಯೆಜ್ಡಿ ದಿನ. ಫಳಫಳ ಹೊಳೆಯೋ ಹಳೇ ಗಾಡಿಗಳು ಸಾಲಾಗಿ ನಿಲ್ತವೆ. ನೋಡೋಕೆ ಚೆಂದವೇ ಬಿಡಿ. ಆದ್ರೆ ಅವುಗಳಲ್ಲಿ ಎಷ್ಟೋ ಗಾಡಿಗಳು ಮತ್ತೆ ಬೀದಿಗಿಳಿಯೋದು ಮುಂದಿನ ಜುಲೈಗೇ! ನನ್ನ ತಕರಾರು ಇರೋದು ಇಲ್ಲಿ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಲ್ಲಿಂದ ಬಂದ ಗಾಡಿಗಳಿಗೆ ಕ್ರೋಮ್ ಮಾಡಿಸೋದಕ್ಕಿಂತ, ಸುಮ್ನೆ ನಿಲ್ಲಿಸದೇ ಇರೋದೇ ದೊಡ್ಡ ಉಪಕಾರ. 2025ರಿಂದೀಚೆಗೆ ಬಂಕುಗಳಲ್ಲಿ ಸಿಗೋದು ಹೆಚ್ಚಾಗಿ ಶೇ. 20 ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್ ತೇವ ಹೀರ್ಕೊಳ್ಳತ್ತೆ. ಗಾಡಿ ತಿಂಗಳುಗಟ್ಟಲೆ ನಿಂತ್ರೆ ಆ ನೀರು ಬೇರ್ಪಟ್ಟು ಟ್ಯಾಂಕಿನ ತಳ ಸೇರಬಹುದು, ಆಮೇಲೆ ತುಕ್ಕು. ಹಳೇ ಕಾಲದ ರಬ್ಬರ್ ಪೈಪು, ವಾಷರ್ರು ಹಾಳಾಗೋದು ಬೇರೆ. ಮೇಲೆ ಥಳಕು, ಒಳಗೆ ಹುಳುಕು ಅಂತಾರಲ್ಲ, ಹಾಗೆ...

ನಾನಂತೂ ವಾರಕ್ಕೊಮ್ಮೆ ಶ್ರೀರಂಗಪಟ್ಟಣಕ್ಕಾದ್ರೂ ಹೋಗಿ ಬರ್ತೀನಿ. ಊರಲ್ಲಿ ಇರಲ್ಲ ಅಂದ್ರೆ ಟ್ಯಾಂಕು, ಕಾರ್ಬೊರೇಟರ್ ಎರಡೂ ಖಾಲಿ ಮಾಡ್ತೀನಿ.

ಇನ್ನು ಪಾಯಿಂಟ್ಸ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದವರನ್ನ ‘ಒರಿಜಿನಲ್ ಕೆಡಿಸಿದ್ರು’ ಅಂತ ಬೈಯೋ ಮಡಿವಂತರಿದ್ದಾರೆ. ಒಂದೇ ಕಿಕ್ಕಿಗೆ ಸ್ಟಾರ್ಟ್ ಆದ್ರೆ ತಾನೇ ಸ್ವಾಮಿ, ಓಡಿಸೋ ಮನಸ್ಸು ಬರೋದು? ಪಾಯಿಂಟ್ಸೇ ಬೇಕು ಅನ್ನೋರು ಅದನ್ನ ಸೆಟ್ ಮಾಡೋದು ಕಲೀಬೇಕು. ಆ ಕೈಚಳಕ ಗೊತ್ತಿರೋ ಮೆಕ್ಯಾನಿಕ್‌ಗಳಿಗೆ ವಯಸ್ಸಾಗ್ತಿದೆ, ಅವರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಒಂದು ಭಾನುವಾರ ಅವರ ಪಕ್ಕ ಕೂತು, ಫೀಲರ್ ಗೇಜ್ ಹಿಡಿದು 0.4 ಮಿ.ಮೀ. ಗ್ಯಾಪ್ ಇಡೋದು ಹೇಗೆ ಅಂತ ನೋಡ್ಕೊಂಡು ಬನ್ನಿ. ಪಾಲಿಷ್ ಡಬ್ಬಿ ಆಮೇಲೆ ತಗೊಂಡ್ರಾಯ್ತು.