ಕೂಡಿಟ್ಟು ಕೆಡಿಸಿದ ಕಾಫಿ

ಬೆಲೆಬಾಳುವುದನ್ನು ಕೂಡಿಡಬೇಕೆಂಬುದು ನಮ್ಮ ತಲೆಮಾರಿನವರಿಗೆ ರಕ್ತಗತವಾಗಿ ಬಂದ ಸ್ವಭಾವ. ಹಬ್ಬಕ್ಕೆಂದು ಎತ್ತಿಟ್ಟ ಪಂಚೆ ಪೆಟ್ಟಿಗೆಯಲ್ಲೇ ಹಳದಿಗಟ್ಟಿದ್ದನ್ನು ಕಂಡವರು ನಾವು. ಆದರೆ ಹುರಿದ ಕಾಫಿ ಬೀಜ ಕೂಡಿಡುವ ವಸ್ತುವಲ್ಲ ಎಂಬ ಪಾಠವನ್ನು ನಾನು ನಿವೃತ್ತನಾದ ಮೇಲೆ, ಅದೂ ಶಿಷ್ಯನೊಬ್ಬನಿಂದ ಕಲಿಯಬೇಕಾಯಿತು.

ಮೂಡಿಗೆರೆಯ ಕಡೆ ಸಣ್ಣ ತೋಟವಿರುವ ಆತ ಒಮ್ಮೆ ತನ್ನದೇ ಅರೇಬಿಕಾ ಬೀಜವನ್ನು ಹುರಿದು ಎರಡು ಕಿಲೋ ತಂದುಕೊಟ್ಟ. ಅಷ್ಟು ಪ್ರೀತಿಯಿಂದ ತಂದದ್ದನ್ನು ದಿನನಿತ್ಯದ ಡಿಕಾಕ್ಷನ್ನಿಗೆ ಬಳಸಲು ಮನಸ್ಸಾಗಲಿಲ್ಲ. ಅರ್ಧ ಭಾಗ ಗಾಜಿನ ಭರಣಿಯಲ್ಲಿ ಒಲೆಯ ಮೇಲಿನ ಗೂಡು ಸೇರಿತು. ಉಳಿದರ್ಧ ಫ್ರಿಜ್ಜಿನಲ್ಲಿ, ದೋಸೆ ಹಿಟ್ಟಿನ ಪಕ್ಕದಲ್ಲಿ. ಆರು ತಿಂಗಳ ನಂತರ ಆತ ಮನೆಗೆ ಬಂದಾಗ ಅದರಲ್ಲೇ ಕಾಫಿ ಮಾಡಿ ಹೆಮ್ಮೆಯಿಂದ ಕೊಟ್ಟೆ.

"ನಿನ್ನ ತೋಟದ್ದೇ ಕಣಯ್ಯಾ" ಎಂದೆ.

"ಗೊತ್ತಾಯಿತು ಸಾರ್. ಆಗಲೇ ಕುಡಿದುಬಿಡಬೇಕಿತ್ತು" ಎಂದು ಮೆಲ್ಲನೆ ನುಡಿದು ಲೋಟ ಖಾಲಿ ಮಾಡಿದ.

ನಾನೂ ರುಚಿ ನೋಡಿದೆ. ಘಮವೇ ಇರಲಿಲ್ಲ, ಕಮಟು ಹಿಡಿದಿತ್ತು. ಆತನ ಒಂದು ವರ್ಷದ ದುಡಿಮೆಯನ್ನು ಗೌರವದ ಹೆಸರಿನಲ್ಲಿ ನಾನೇ ಹಾಳುಮಾಡಿದ್ದೆ.

ಕಾರಣ ಸರಳವಾದದ್ದು. ಹಸಿ ಬೀಜವನ್ನು ಒಣ ಜಾಗದಲ್ಲಿಟ್ಟರೆ ತಿಂಗಳುಗಟ್ಟಲೆ ಉಳಿಯುತ್ತದೆ. ಹುರಿದ ಬೀಜವಾದರೋ ಮರುಕ್ಷಣದಿಂದಲೇ ತನ್ನೊಳಗಿನ ಇಂಗಾಲದ ಡೈಆಕ್ಸೈಡನ್ನೂ ಪರಿಮಳವನ್ನೂ ಹೊರಬಿಡತೊಡಗುತ್ತದೆ. ಗಾಳಿಯ ಆಮ್ಲಜನಕ ಅದರ ಎಣ್ಣೆಯಂಶವನ್ನು ಕೆಡಿಸುತ್ತದೆ. ಬಿಸಿ, ಬೆಳಕು, ತೇವ ಇವು ಮೂರೂ ಆ ಕೆಲಸಕ್ಕೆ ಒತ್ತಾಸೆ. ನನ್ನ ಭರಣಿಗೆ ಒಲೆಯ ಕಾವೂ ಕಿಟಕಿಯ ಬೆಳಕೂ ಸಿಕ್ಕಿದ್ದವು. ಫ್ರಿಜ್ಜಿನ ಡಬ್ಬಿಯನ್ನು ಹೊರತೆಗೆದು ಮುಚ್ಚಳ ತೆರೆದಾಗಲೆಲ್ಲ ತಣ್ಣಗಿನ ಬೀಜದ ಮೇಲೆ ಗಾಳಿಯ ತೇವ ಕೂತಿತ್ತು. ಜೊತೆಗೆ ಹಿಟ್ಟಿನ ಹುಳಿವಾಸನೆ. ಪುಡಿಯ ಪಾಡಂತೂ ಇನ್ನೂ ಕಷ್ಟ. ಬೀಜ ನುಣ್ಣಗಾದಷ್ಟೂ ಗಾಳಿಗೆ ತೆರೆದುಕೊಳ್ಳುತ್ತದೆ. ಚಿಕೋರಿ ಬೆರೆತಿದ್ದರೆ ತೇವ ಹೀರಿ ಗಂಟುಕಟ್ಟುವುದೂ ಉಂಟು.

ನಮ್ಮ ತಾಯಿ ಇದಾವುದನ್ನೂ ಓದಿದವರಲ್ಲ. ವಾರಕ್ಕೆ ಬೇಕಾದಷ್ಟೇ ಬೀಜ ಹುರಿದು, ಬೆಳಗಿನ ಪಾಲನ್ನು ಮಾತ್ರ ಕೈಮಿಷನ್ನಿನಲ್ಲಿ ಪುಡಿಮಾಡುತ್ತಿದ್ದರು. ಬಡತನದ ಲೆಕ್ಕಾಚಾರವೆಂದು ನಾನು ತಿಳಿದಿದ್ದೆ. ಅದು ತಿಳಿವಳಿಕೆ.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು: ಎರಡು ವಾರಕ್ಕಾಗುವಷ್ಟೇ ಕೊಳ್ಳಿರಿ. ನಮ್ಮೂರುಗಳ ಕಾಫಿಪುಡಿ ಅಂಗಡಿಗಳಲ್ಲಿ ಕಾಲು ಕಿಲೋ ಕೇಳಲು ಯಾರೂ ನಾಚಬೇಕಿಲ್ಲ. ಗಾಳಿಯಾಡದ, ಬೆಳಕು ತೂರದ ಡಬ್ಬಿಯಲ್ಲಿ ತುಂಬಿ ಒಲೆಯಿಂದ ದೂರವಿಡಿರಿ. ರಜೆಗೆ ಬಂದು ಕಿಲೋಗಟ್ಟಲೆ ಹೊತ್ತೊಯ್ಯುವ ವಿದೇಶವಾಸಿ ಶಿಷ್ಯರು ಸಣ್ಣ ಸಣ್ಣ ಪೊಟ್ಟಣಗಳನ್ನಾಗಿ ಬಿಗಿದು ಫ್ರೀಜರಿನಲ್ಲಿಡಬಹುದು. ಒಮ್ಮೆಗೆ ಒಂದನ್ನೇ ಹೊರತೆಗೆದು, ಅದರ ತಣುಪು ಪೂರ್ತಿ ಇಳಿದ ಮೇಲೆಯೇ ಬಿಚ್ಚಬೇಕು. ಬಿಚ್ಚಿದ್ದನ್ನು ಮತ್ತೆ ಒಳಗಿಡಬಾರದು.

ಆ ಶಿಷ್ಯ ಈಗಲೂ ಬೀಜ ತರುತ್ತಾನೆ. ಅದೇ ಸಂಜೆ ಅರ್ಧವನ್ನು ನೆರೆಹೊರೆಯವರಿಗೆ ಹಂಚುತ್ತೇನೆ. ಉಳಿದದ್ದು ಮರುದಿನ ಬೆಳಗ್ಗೆಯೇ ಫಿಲ್ಟರಿಗೆ. ಮೊದಲ ಲೋಟ ಕುಡಿದೊಡನೆ ಆತನಿಗೆ ಫೋನು ಮಾಡಿ ರುಚಿ ಹೇಗಿತ್ತೆಂದು ಹೇಳುತ್ತೇನೆ. ಆತನಿಗೆ ಬೇಕಾಗಿದ್ದುದು ಅದೇ ಅಲ್ಲವೇ?