ಟರ್ಕಿ ಕೋಳಿ ಮುಂದೆ ಗಡಿಯಾರ ಹಿಡ್ಕೊಂಡು ಕೂರ್ಬೇಡಿ

ನವೆಂಬರ್ ಬಂತು ಅಂದ್ರೆ ಅಮೆರಿಕದಲ್ಲಿರೋ ನಮ್ಮ ಹೆಣ್ಮಕ್ಳು ಕೇಳೋದು ಒಂದೇ ಮಾತು. "ಅಕ್ಕಾ, ಥ್ಯಾಂಕ್ಸ್‌ಗಿವಿಂಗ್‌ಗೆ ಟರ್ಕಿ ಕೋಳಿ ತಂದಿವ್ನಿ, ಓವನ್ನಲ್ಲಿ ಎಷ್ಟು ಗಂಟೆ ಇಡ್ಲಿ?" ನನ್ನ ಕೇಳಿದ್ರೆ ಆ ಪ್ರಶ್ನೆನೇ ಸರಿಯಿಲ್ಲ ಕನ್ರವ್ವ.

ಮುದ್ದೆ ಎಷ್ಟು ನಿಮಿಷ ಬೇಯಿಸ್ಬೇಕು ಅಂತ ನಿಮ್ಮತ್ತೆ ಯಾವತ್ತಾರ ಹೇಳಿದ್ರಾ? ಒದ್ದೆ ಕೈಲಿ ಮುಟ್ಟು, ಹಿಟ್ಟು ಅಂಟ್ಲಿಲ್ಲ ಅಂದ್ರೆ ಬೆಂದದೆ ಅಂದ್ರು. ನಾಟಿ ಕೋಳಿ ಸಾರಿಗೂ ಅಷ್ಟೆ, ಒಂದು ತುಂಡು ತೆಗ್ದು ಅದುಮಿ ನೋಡ್ತೀವಿ. ಇಷ್ಟೆಲ್ಲ ಗೊತ್ತಿರೋ ನಾವು ಓವನ್ ಮುಂದೆ ನಿಂತ ತಕ್ಷಣ ಯಾಕೆ ಗಡಿಯಾರ ನೋಡ್ತೀವಿ?

ಗಂಟೆ ಲೆಕ್ಕ ಸುಳ್ಳು ಅಂತ ನಾನು ಹೇಳ್ತಿಲ್ಲ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯೇ ಅದೆ. ಓವನ್ 325 ಡಿಗ್ರಿ ಫ್ಯಾರನ್‌ಹೀಟ್ ಇದ್ರೆ, ಹೊಟ್ಟೆಗೆ ಏನೂ ತುಂಬದ 12ರಿಂದ 14 ಪೌಂಡಿನ ಕೋಳಿಗೆ 3ರಿಂದ 3¾ ಗಂಟೆ. 20ರಿಂದ 24 ಪೌಂಡಿಂದಾದ್ರೆ 4½ರಿಂದ 5 ಗಂಟೆ. ಸ್ಟಫಿಂಗ್ ತುಂಬಿದ್ರೆ ಇನ್ನೂ ಜಾಸ್ತಿ. ನೋಡಿ, ಪಟ್ಟಿಯಲ್ಲೇ ಮುಕ್ಕಾಲು ಗಂಟೆ ಹೆಚ್ಚುಕಮ್ಮಿ ಅದೆ. ಆ ಪಟ್ಟಿ ಕೊಟ್ಟವ್ರೇ ಕೊನೆಗೆ ಥರ್ಮಾಮೀಟರ್ ಚುಚ್ಚಿ ನೋಡಿ ಅಂತಾರೆ. ತೊಡೆಯ ಒಳಭಾಗ, ರೆಕ್ಕೆಯ ಒಳಭಾಗ, ಎದೆಯ ದಪ್ಪ ಜಾಗ, ಮೂರು ಕಡೆನೂ 165 ಡಿಗ್ರಿ ಮುಟ್ಟಿರ್ಬೇಕು. ಸೂಜಿ ಮೂಳೆಗೆ ತಾಗ್ಬಾರ್ದು. ಸ್ಟಫಿಂಗ್ ಇದ್ರೆ ಅದರ ನಡುಮಧ್ಯಕ್ಕೂ 165 ಆಗಿರ್ಬೇಕು.

"ಮೇಲೆ ಕೆಂಪಗಾಗದಲ್ಲ, ಸಾಕು" ಅನ್ನೋರು ಇದ್ದಾರೆ. ಚರ್ಮ ಕೆಂಪಗಾಗೋದು ಮೊದ್ಲು, ಮೂಳೆ ಪಕ್ಕದ ಮಾಂಸ ಬೇಯೋದು ಆಮೇಲೆ. ಕೋಳಿ ಜತೆಗೇ ಬರೋ ಪ್ಲಾಸ್ಟಿಕ್ ಗುಂಡಿ ಮೇಲೆ ಬಂತು ಅಂತ ನಂಬಿ ಕೂರೋದೂ ಬೇಡ. "ಯಾವುದಕ್ಕೂ ಇನ್ನೊಂದು ಗಂಟೆ ಇರ್ಲಿ ಬಿಡು" ಅನ್ನೋರು ಇನ್ನೊಂದು ಪಂಗಡ. ಅವ್ರ ಮನೇಲಿ ಎದೆ ಮಾಂಸ ತೆಂಗಿನ ನಾರಿನಂಗೆ ಆಗಿ, ಮಕ್ಳು ಒಂದು ತುತ್ತು ತಿಂದು ತಟ್ಟೆ ಸರಿಸ್ತವೆ.

ಹೊತ್ತಿನ ಲೆಕ್ಕ ಹಾಕ್ಲೇಬೇಕು ಅಂದ್ರೆ ಐಸ್ ಬಿಡಿಸೋದಕ್ಕೆ ಹಾಕಿ. ಗಟ್ಟಿ ಫ್ರೋಜನ್ ಕೋಳಿಗೆ ಫ್ರಿಜ್‌ನಲ್ಲಿ ನಾಕೈದು ಪೌಂಡಿಗೆ ಒಂದು ದಿನ ಬೇಕು. 15 ಪೌಂಡಿನ ಕೋಳಿಗೆ ಮೂರ್ನಾಕು ದಿನ ಆಯ್ತಲ್ಲ? ಗುರುವಾರದ ಹಬ್ಬಕ್ಕೆ ಬುಧವಾರ ರಾತ್ರಿ ತಂದು ಅಡುಗೆಕಟ್ಟೆ ಮೇಲೆ ಇಟ್ಟು ಮಲಗಿದ್ರೆ, ಒಳಗೆ ಐಸು ಹಂಗೇ ಇರ್ತದೆ, ಹೊರಗೆ ಮಾಂಸ ಬೆಚ್ಚಗಾಗಿ ಕ್ರಿಮಿ ಬೆಳೀತವೆ.

ಇಷ್ಟು ಜಗಳ ಯಾಕೆ ಅಂತೀರಾ? ಆ ಊಟಕ್ಕೆ ಕೂರೋರು ಯಾರು ಅಂತ ಒಂದ್ಸಲ ಯೋಚ್ನೆ ಮಾಡಿ. ಮಗಳ ಬಾಣಂತನಕ್ಕೆ ಅಂತ ಊರಿಂದ ಬಂದಿರೋ ಅಪ್ಪ ಅವ್ವ, ತುಂಬು ಬಸುರಿ, ಎರಡು ವರ್ಷದ ಮಗು. ಅರೆಬೆಂದ ಕೋಳಿಯಿಂದ ಸಾಲ್ಮೊನೆಲ್ಲಾ ಹತ್ತಿದ್ರೆ ಎಲ್ಲರಿಗಿಂತ ಜಾಸ್ತಿ ಕಷ್ಟ ಇಂಥೋರಿಗೇ.

ಅರೆಬೆಂದದ್ದು ಮೇಜಿಗೆ ಬರೋದು ಅಡುಗೆಯವಳ ದಡ್ಡತನದಿಂದ ಅಲ್ಲವ್ವ. ಹಾಲ್‌ನಲ್ಲಿ ಕೂತ ಗಂಡಸ್ರು ಐದು ನಿಮಿಷಕ್ಕೊಂದ್ಸಲ "ಆಯ್ತಾ? ಆಯ್ತಾ?" ಅಂತಿರ್ತಾರೆ, ಆ ಅವಸರಕ್ಕೆ ಇವಳು ಓವನ್ ಬಾಗಿಲು ತೆಗೀತಾಳೆ. ಅಂಥೋರ ಕೈಗೇ ಥರ್ಮಾಮೀಟರ್ ಕೊಟ್ಟು, ಚುಚ್ಚಿ ನೋಡಿ ಬನ್ನಿ ಅನ್ನಿ. 165 ಆದ್ಮೇಲೂ ಇಪ್ಪತ್ತು ನಿಮಿಷ ಹಂಗೇ ಇಟ್ಟು ಕೊಯ್ರಿ, ರಸ ಒಳಗೇ ಉಳೀತದೆ. ಅಷ್ಟರಲ್ಲಿ ಹಸಿವು ತಡೀದೇ ಹೋದ್ರೆ ಚಕ್ಲಿ ಡಬ್ಬ ತೋರ್ಸಿ.